ನೊವು

ಒಂದರಿಂದ ಹತ್ತರೊಳಗೆ ಎಷ್ಟು, ಹೇಳಿ —
ತಿಂಗಳ ಎರಡನೆಯ ಬುಧವಾರ
ಪಂಚಾಯತಿನ ಜೀಪು ಇಳಿದು ಬಂದು
ಷೀಬಾ ಸಿಸ್ಟರ್ ಕೇಳುತ್ತಾಳೆ.
ಪಯ್ಯನ್ನೂರಿನವಳು. ಅವಳ ಬಾಯಲ್ಲಿ ಅದು ವೇದನ,
ಗುಲಾಬಿಯ ತುಳುವಿನಲ್ಲಿ ಬೇನೆ,
ನನ್ನದು ಶಾಲೆಯಲ್ಲಿ ಕಲಿತ ಕನ್ನಡ, ನೋವು.
ಮೂರೂ ಒಂದೇ ಬೆನ್ನಿನಲ್ಲಿ.

ಸಂಖ್ಯೆ ನನಗೆ ಬರುವುದಿಲ್ಲ ಸಿಸ್ಟರ್,
ಬಣ್ಣ ಕೇಳಿ, ಹೇಳುತ್ತೇನೆ.
ಬೆಳಿಗ್ಗೆ ರೆಡ್ ಆಕ್ಸೈಡು, ತುಕ್ಕು ಹಿಡಿದ ಗೇಟಿಗೆ ಬಳಿಯುವಂಥದ್ದು.
ಮಧ್ಯಾಹ್ನ, ಸೊಂಟದಿಂದ ಎಡ ಹೆಬ್ಬೆರಳಿನವರೆಗೆ
ಒಂದೇ ಎಳೆತಕ್ಕೆ ಇಳಿಯುವ ಹಳದಿ ಗೆರೆ.
ರಾತ್ರಿಯದು ಟರ್ಪೆಂಟೈನು;
ಬಣ್ಣವೇ ಅಲ್ಲ ಅದು.

ಇಪ್ಪತ್ತಾರು ವರ್ಷ ಬೋರ್ಡು ಬರೆದವನು ನಾನು,
ಕುಂಬಳೆಯಿಂದ ಹೊಸಂಗಡಿಯವರೆಗೆ.
ಮೇಲೆ ಮಲಯಾಳ, ಕೆಳಗೆ ಕನ್ನಡ,
ಎರಡಕ್ಕೂ ಒಂದೇ ಎತ್ತರ, ಪಟ್ಟಿ ಇಟ್ಟು ಅಳೆದು.
ಉಪ್ಪಳದಲ್ಲಿ ಚಪ್ಪಲಿ ಅಂಗಡಿ.
‘ಚ’ ಮುಗಿಸಿ ‘ಪ್ಪ’ದ ಒತ್ತು ಕೊಡುವಾಗ ಏಣಿ ಜಾರಿತು.
ಮುಂದಿನ ವಾರ ಅಲ್ಲಿ ಫ್ಲೆಕ್ಸು ತೂಗುತ್ತಿತ್ತಂತೆ.

ಮಂಗಳೂರಿನಲ್ಲಿ ಎರಡು ಸಲ ಕೊಯ್ದರು. ನಾಲ್ಕು ಸ್ಕ್ರೂ.
ಎಕ್ಸ್‌ರೇ ಹಿಡಿದು ನೋಡಿದೆ:
ಮಟ್ಟಸವಾದ ಕೆಲಸ, ದೂರುವಂತಿಲ್ಲ.
ನೋವು ಮಾತ್ರ ಅದನ್ನು ನೋಡಿಲ್ಲ.

ಹಗಲು ಒಂದು, ರಾತ್ರಿ ಎರಡು.
ಮಾತ್ರೆ ಅದನ್ನು ಓಡಿಸುವುದಿಲ್ಲ,
ಪಕ್ಕದ ಕೋಣೆಗೆ ಕಳಿಸುತ್ತದೆ.
ಅಲ್ಲಿ ಅದು ಕುರ್ಚಿ ಎಳೆಯುವುದು ಕೇಳುತ್ತಿರುತ್ತದೆ.
ಮೈ ತುರಿಕೆ. ಮಾತಿನ ನಡುವೆ ತೂಕಡಿಕೆ.
ಐದೈದು ದಿನ ಕಕ್ಕಸಿಗೆ ಇಲ್ಲ;
ಇದನ್ನು ಯಾವ ಬೋರ್ಡಿನಲ್ಲೂ ಬರೆಯಿಸುವುದಿಲ್ಲ ಯಾರೂ.

ಗಡಿಯ ರಸ್ತೆಗೆ ಮಣ್ಣು ಸುರಿದ ವರ್ಷ
ಡಬ್ಬಿಯಲ್ಲಿ ಹದಿನೇಳು ಉಳಿದಿದ್ದವು.
ಮದ್ದಿನ ಅಂಗಡಿ ಆಚೆ, ಚೀಟಿ ಈಚೆ.
ಅರ್ಧ ಮಾಡಿದೆ, ಕಾಲು ಮಾಡಿದೆ, ಬ್ಲೇಡಿಗಂಟಿದ ಪುಡಿ ನೆಕ್ಕಿದೆ.
ಆಮೇಲೆ ಆಕಳಿಕೆ, ಮೂಗಿನಲ್ಲಿ ನೀರು,
ಏಪ್ರಿಲಿನ ಸೆಕೆಯಲ್ಲಿ ಮುಳ್ಳೆದ್ದ ಮೈ.
ಒಳಗೆ ಕೂಗುತ್ತಿದ್ದದ್ದು ಬೆನ್ನೋ, ಡಬ್ಬಿಯೋ,
ಆ ಒಂಬತ್ತು ರಾತ್ರಿ ತಿಳಿಯಲಿಲ್ಲ.
ಈಗಲೂ ತಿಳಿಯುವುದಿಲ್ಲ.
ಗುಲಾಬಿ ಕಾಲು ತಿಕ್ಕುತ್ತಲೇ ಇದ್ದಳು,
ಅಂಗೈ ತುಂಬ ಹೊಗೆಸೊಪ್ಪಿನ ವಾಸನೆ.

ಈಗ ಮದ್ದು ಮನೆಗೇ ಬರುತ್ತದೆ, ಜೀಪಿನಲ್ಲಿ.
ಖಾಲಿ ಎನಾಮಲ್ ಡಬ್ಬಿಯಲ್ಲಿ ಹಾಕಿ
ಮುಚ್ಚಳ ಬಡಿದು ಬಿಗಿಮಾಡುತ್ತಾಳೆ ಗುಲಾಬಿ.
ಬೀಡಿ ಕಟ್ಟುವ ಕೈ, ಲೆಕ್ಕ ತಪ್ಪುವುದಿಲ್ಲ:
ಇಪ್ಪತ್ತೈದು, ಇಪ್ಪತ್ತೈದು, ಹನ್ನೊಂದು.
ಎಣಿಸುವಾಗ ನನ್ನ ಮುಖ ನೋಡುವುದಿಲ್ಲ.

ಕಳೆದ ತಿಂಗಳು ಒಂದು ಕಡಿಮೆ ಬಂತು.
ನಾನೇ ತಿಂದದ್ದು. ನೋವಿಗಲ್ಲ;
ಅವತ್ತು ಅದು ಮೂರೋ ನಾಲ್ಕೋ ಇತ್ತು.
ಮಧ್ಯಾಹ್ನ ಉದ್ದ ಇತ್ತು, ಅಷ್ಟೆ.
ಅವಳು ಮತ್ತೊಮ್ಮೆ ಎಣಿಸಿದಳು.
‘ಇಲಿ ಕೊಂಡುಹೋಯಿತೋ ಎಂತದೋ’ ಅಂದಳು.
ನಮ್ಮಲ್ಲಿ ಇಲಿ ಇಲ್ಲ.
ಬೆಕ್ಕು ಕೂಡ ಒಮ್ಮೆ ನನ್ನನ್ನು ನೋಡಿತು.

ಈ ಸಲ ಕನ್ನಡದ ಫಾರಮ್ಮೂ ಬಂದಿದೆ, ಹೊಸತು.
ಸಿಸ್ಟರ್ ಹೆಮ್ಮೆಯಿಂದ ಮುಂದೆ ಹಿಡಿದಳು.
ಮೇಲೆ ದಪ್ಪ ಅಕ್ಷರದಲ್ಲಿ
ನೊವು,
ಕೆಳಗೆ ಒಂದರಿಂದ ಹತ್ತು ಚೌಕ.
ದೀರ್ಘ ಬಿಟ್ಟಿದ್ದಾರೆ.
ಏಳನೆಯ ಕ್ಲಾಸಿನಲ್ಲಿ ಕೇಕುಣ್ಣಾಯ ಮಾಸ್ಟ್ರು
ಬೆರಳು ಮಡಚಿ ಮಡಚಿ ಹೇಳಿಕೊಟ್ಟದ್ದು:
ಹ್ರಸ್ವಕ್ಕೆ ಒಂದು ಮಾತ್ರೆ,
ದೀರ್ಘಕ್ಕೆ ಎರಡು.

ಪೆನ್ನು ಕೊಡಿ ಸಿಸ್ಟರ್, ಅಂದೆ.
ಗೋಡೆಗೆ ಒರಗಿ, ಉಸಿರು ಹಿಡಿದು, ಎಳೆದೆ.
ಕೈ ಸ್ವಲ್ಪ ನಡುಗಿತು, ಸುಳಿ ಮಾತ್ರ ಸರಿಯಾಗಿ ಬಂತು.
ಅವಳಿಗೆ ಅರ್ಥವಾಗಲಿಲ್ಲ,
‘ಎಷ್ಟು ಬರೆಯಲಿ?’ ಅಂದಳು.
ಹಸಿ ಬಣ್ಣಕ್ಕೆ ಊದುವ ಹಳೆಯ ಅಭ್ಯಾಸ,
ಊದುತ್ತ ಅಂದೆ:
ಆರು.